ಬಿದಿರಕ್ಕಿ ಹುಗ್ಗಿ

ನಾನು ಚಿಕ್ಕವಳಿದ್ದಾಗ ಅಗದಿ ಹೊಟ್ಟೆಬಾಕಿ. ಅಕ್ಕ ಇವತ್ತಿಗೂ ಎಲ್ಲರ ಮುಂದೆ ಹಾಗೇ ಹೇಳುತ್ತಾಳೆ. ಆಕೆಯೇನು ಕಡಿಮೆ ಇದ್ದಳೇ? ಕೇಳಿ, ಹೇಳುತ್ತೇನೆ.

ದೇವಿಕೊಪ್ಪದ ಬಾಜು, ಅಡವಿಯ ಅಂಚಿಗೆ ನಮ್ಮ ಮನೆ. ಅಪ್ಪ ಅಡವಿಗೆ ಸಸಿ ಬೆಳೆಸುವ ನರ್ಸರಿಯಲ್ಲಿ ಕೆಲಸಕ್ಕಿದ್ದ. ಬಿದಿರು ಬಾಳಿನಲ್ಲಿ ಒಮ್ಮೆ ಮಾತ್ರ ಹೂ ಬಿಡುತ್ತದೆ, ಬೀಜ ಉದುರಿಸಿ ಒಣಗಿ ಸಾಯುತ್ತದೆ. ಆ ವರ್ಷ ನಮ್ಮ ಗುಡ್ಡದ ಬಿದಿರೆಲ್ಲ ಹಾಗೆ ಸತ್ತುಹೋಯಿತು. ಅಪ್ಪ ವಾರವಿಡೀ ಮೆಳೆಗಳ ಬುಡ ಗುಡಿಸಿ, ಇಲಿ ಹಕ್ಕಿ ತಿಂದು ಉಳಿಸಿದ ಕಾಳನ್ನು ಆರಿಸಿ, ಒಂದು ಸಣ್ಣ ಚೀಲ ತಂದು ಜಗಲಿಯ ಮೇಲಿಟ್ಟ.

“ಬಿದಿರಕ್ಕಿ ಐತಿ. ಇಲಿ ಮುಟ್ಟದ್ಹಂಗ ನೋಡ್ಕೋರಿ” ಎಂದು ಹೇಳಿ ಕೆಲಸಕ್ಕೆ ಹೋದ. ಅವ್ವ ತವರಿಗೆ ಹೋಗಿದ್ದಳು.

“ಅಕ್ಕಿ ಅಂದ್ರ ಉಣ್ಣಾಕಲ್ಲೇನ ಬೇ?” ಅಂದಳು ಅಕ್ಕ. ನನಗೂ ಅದು ಸರಿ ಅನ್ನಿಸಿತು. ಚೀಲವನ್ನು ಒರಳಿಗೆ ಸುರಿದು ಇಬ್ಬರೂ ಕುಟ್ಟಿದೆವು. ಮೊರದಲ್ಲಿ ಕೇರಿ, ಹೊಟ್ಟನ್ನು ಹಿತ್ತಲಿಗೆ ಚೆಲ್ಲಿ, ಬೆಲ್ಲ ಯಾಲಕ್ಕಿ ಹಾಕಿ ಹುಗ್ಗಿ ಮಾಡಿದೆವು. ಮನೆಯೆಲ್ಲ ಘಮಘಮ. ಇಲಿ ಮುಟ್ಟಲಿಲ್ಲ ನೋಡಿ, ನಾವು ಮುಟ್ಟಿದೆವು.

ಸಂಜೆ ಬಂದ ಅಪ್ಪನಿಗೆ ಬಲು ಹೆಮ್ಮೆಯಿಂದ ಬಡಿಸಿದೆವು. ಒಂದು ತುತ್ತು ಬಾಯಿಗಿಟ್ಟವನು ಖಾಲಿ ಚೀಲದ ಕಡೆ ನೋಡಿದ.

“ಬಿತ್ತೋ ಬೀಜ ಇತ್ತವ್ವಾ ಅದು. ಗುಡ್ಡಕ್ಕ ಇನ್ನ ಬ್ಯಾರೆ ಬೀಜ ಇಲ್ಲ” ಎಂದ. ಬೈಯಲಿಲ್ಲ. ತಾಟಿನಲ್ಲಿ ಒಂದಗುಳನ್ನೂ ಬಿಡದೆ ಉಂಡು ಎದ್ದ. ಬೈದಿದ್ದರೆ ನನಗೆ ಅಷ್ಟು ಸಂಕಟ ಆಗುತ್ತಿರಲಿಲ್ಲ.

ಬೆಳಗಾಗುತ್ತಲೇ ನಾವಿಬ್ಬರೂ ಹಿತ್ತಲಲ್ಲಿ ಹೊಟ್ಟಿನ ಗುಂಪೆಯ ಮುಂದೆ ಕೂತೆವು. ಒನಕೆಗೆ ಸಿಗದೆ ಉಳಿದ ಇಡೀ ಕಾಳನ್ನು ಒಂದೊಂದಾಗಿ ಹೆಕ್ಕಿದೆವು. ಬಿಸಿಲೇರಿತು, ಕಣ್ಣುರಿಯಿತು. ಸಿಕ್ಕಿದ್ದು ಒಂದೇ ಮುಷ್ಟಿ. ಅದನ್ನೇ ಅಪ್ಪನ ಅಂಗೈಗೆ ಹಾಕಿದೆ. ಆತ ನನ್ನ ತಲೆ ಸವರಿ, “ನಡೀರಿ, ಬಿತ್ತೂಣು” ಎಂದ.

ಸ್ವಲ್ಪ ದಿನಕ್ಕೆ ನರ್ಸರಿಯ ಸಸಿಮಡಿಯಲ್ಲಿ ಸೂಜಿಯಂಥ ಹಸಿರು ಮೊಳಕೆ ಎದ್ದಿತು. ಅಂದು ಹಿಡಿದ ಹುಚ್ಚು ನನ್ನನ್ನು ಬಿಡಲೇ ಇಲ್ಲ. ದೊಡ್ಡವಳಾಗಿ ಅದೇ ನರ್ಸರಿ ಸೇರಿದೆ, ಕೂದಲು ಬೆಳ್ಳಗಾಗುವವರೆಗೂ ಬೋಳು ಗುಡ್ಡಗಳಿಗೆ ಸಸಿ ಹಚ್ಚಿದೆ.

ನಿಮಗೆ ಅಕ್ಕಿ ಬೇಕೆಂದಾಗ ಅಂಗಡಿಯಿಂದ ಬರುತ್ತದೆ, ಮಕ್ಕಳೇ. ಬಿದಿರಕ್ಕಿ ಹಾಗಲ್ಲ. ಆ ಒಂದು ಮುಷ್ಟಿಯ ಬಿದಿರು ಗುಡ್ಡ ತುಂಬಿ, ಈ ವರ್ಷ ಹೂ ಬಿಟ್ಟಿದೆ. ನೋಡಲು ಅಪ್ಪ ಇಲ್ಲ. ಈಗ ಜಗಲಿಯ ಮೇಲಿರುವ ಚೀಲ ನಾನೇ ಆರಿಸಿ ತಂದಿಟ್ಟದ್ದು. ಬಿತ್ತಿ ಉಳಿದರೆ ಹುಗ್ಗಿ ಮಾಡಿಕೊಡುತ್ತೇನೆ. ಆದರೆ ಚೀಲದ ಮೇಲೆ ಬಿದಿರಕ್ಕಿ ಅಂತ ಬರೆದಿಲ್ಲ, ‘ಬೀಜ’ ಅಂತ ಬರೆದಿದ್ದೇನೆ.