‘ಎಂತ ಇಲ್ಲ’ ಎಂಬ ಉತ್ತರ

ಅಥವಾ ನರ್ಸ್ ಕೇಳಿದ್ದು ಬೇರೆಯೇ ಇರಬಹುದು. ಅಕ್ಕ ಕೊಟ್ಟ ಉತ್ತರ ನನಗೆ ನೆನಪಿದೆ, ಅದರ ಸ್ವರ ಕೂಡ: “ಎಂತ ಇಲ್ಲ.” ಪ್ರಶ್ನೆ ಮಾತ್ರ ಪ್ರತಿ ಸಲ ಬದಲಾಗುತ್ತದೆ. ಒಂದು ಸಲ ನರ್ಸ್ ಹೊದಿಕೆ ಸರಿಸಿ, ಪ್ಲಾಸ್ಟರಿನಿಂದ ಹೊರಗಿದ್ದ ಹೆಬ್ಬೆರಳನ್ನು ಚಿವುಟಿ, “ಇಲ್ಲಿ ಎಂತಾದರೂ ಗೊತ್ತಾಗ್ತದಾ ಅಕ್ಕಾ?” ಎಂದು ಕೇಳುತ್ತಾಳೆ. ಇನ್ನೊಂದು ಸಲ ಬಾಗಿಲ ಬಳಿಯೇ ನಿಂತು, ಕೈಯಲ್ಲಿದ್ದ ಫೈಲಿನಿಂದ ಕಣ್ಣೆತ್ತದೆ, “ಎಂತಾದರೂ ತೊಂದರೆ ಉಂಟಾ?” ಎನ್ನುತ್ತಾಳೆ. ಅಕ್ಕನ ಉತ್ತರ ಎರಡಕ್ಕೂ ಹೊಂದುತ್ತದೆ. ಮೊದಲನೆಯದಕ್ಕಾದರೆ, ಒಂದು ಕಾಲು ಸಾಯುತ್ತಿದೆ ಎಂದು ಅರ್ಥ. ಎರಡನೆಯದಕ್ಕಾದರೆ, ನಮ್ಮೂರಿನ ಹೆಂಗಸೊಬ್ಬಳು ಎಂದಿನ ಮರ್ಯಾದೆಯಲ್ಲಿ ಮಾತಾಡಿದ್ದಾಳೆ, ಅಷ್ಟೆ.

ನಮ್ಮ ಕಡೆ ಜ್ವರದಲ್ಲಿ ನಡುಗುತ್ತಾ ಮಲಗಿದವರೂ ಯಾರಾದರೂ ನೋಡಲು ಬಂದರೆ ‘ಎಂತ ಇಲ್ಲ’ ಎನ್ನುತ್ತಾರೆ. ಊಟಕ್ಕೆ ಕರೆದವರು ‘ವಿಶೇಷ ಎಂತ ಇಲ್ಲ’ ಎನ್ನುತ್ತಲೇ ಎಲೆ ತುಂಬಿಸುತ್ತಾರೆ. ಅದು ಉತ್ತರವಲ್ಲ, ಬಂದವರಿಗೆ ಹಾಕುವ ಮಣೆ. ಪುತ್ತೂರಿನ ಆ ಆಸ್ಪತ್ರೆಯ ಕೇಸ್ ಶೀಟಿನಲ್ಲಿ ಮಾತ್ರ ಅದು ಎರಡು ಇಂಗ್ಲಿಷ್ ಪದಗಳಾಗಿ ಕೂತಿದೆ. ಕನ್ನಡಕ್ಕೆ ತಂದರೆ: ದೂರುಗಳಿಲ್ಲ.

ಅಕ್ಕನಿಗೆ ಸುಳ್ಯದಲ್ಲಿ ಹೊಲಿಗೆ ಅಂಗಡಿ. ಅದೇ ಕಟ್ಟಡದಲ್ಲಿ ಎರಡು ಬಾಗಿಲು ಆಚೆ ನನ್ನದು ಡಿಟಿಪಿ ಅಂಗಡಿ. ಮದುವೆ ಕಾಗದ, ಅರ್ಜಿ, ಅಫಿಡವಿಟ್ ಟೈಪ್ ಮಾಡುವುದು. ಆ ದಿನ ಕಲ್ಲುಗುಂಡಿಯ ಒಂದು ಮದುವೆ ಮನೆಗೆ ರವಿಕೆಗಳ ಅಳತೆ ತೆಗೆಯಲು ಅಕ್ಕನನ್ನು ನನ್ನ ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿದ್ದೆ. ವಾಪಸು ಬರುವಾಗ ಎದುರಿನಿಂದ ಒಂದು ಪಿಕಪ್ ವ್ಯಾನು, ಬಸ್ಸನ್ನು ಹಿಂದೆ ಹಾಕಲು ಹೋಗಿ ನಮ್ಮ ಬದಿಗೆ ಬಂತು. ನಾನು ಚರಂಡಿಗೆ ಬಿದ್ದು ಮೊಣಕೈ ತರಚಿಕೊಂಡೆ. ಅಕ್ಕನ ಬಲಗಾಲು ಸ್ಕೂಟರಿನ ಅಡಿಗಾಯಿತು. ನಮ್ಮನ್ನು ಎತ್ತಿದವನು ಪಿಕಪ್ಪಿನ ಚಾಲಕನೇ. ಎತ್ತುವಾಗಲೇ, “ನನ್ನದೇ ತಪ್ಪು ಅಕ್ಕಾ, ನನ್ನದೇ” ಎಂದ. ಆ ಮಾತನ್ನು ಅವನು ಕೊನೆಯವರೆಗೆ ಬದಲಿಸಲಿಲ್ಲ. ಕೋರ್ಟಿನಲ್ಲೂ ತಪ್ಪೊಪ್ಪಿಕೊಂಡು ದಂಡ ಕಟ್ಟಿದ. ಇಡೀ ಕಥೆಯಲ್ಲಿ ಹಾಗೆ ಹೇಳಿದವನು ಅವನೊಬ್ಬನೇ ಎಂದು ಆಗ ನಮಗೆ ಹೇಗೆ ಗೊತ್ತಾಗಬೇಕು?

ಸುಳ್ಯದಲ್ಲಿ ಮೊದಲ ಆರೈಕೆ ಮಾಡಿ, ಮೊಣಕಾಲಿನ ಕೆಳಗಿನ ಎಲುಬು ಮುರಿದಿದೆ ಎಂದರು. ಪುತ್ತೂರಿಗೆ ಹೋಗೋಣ ಎಂದವನು ನಾನು. ಅಲ್ಲಿ ಎಲುಬಿನ ಡಾಕ್ಟರು ನಮಗೆ ಪರಿಚಯದವರು. ಅವರ ಹೆಂಡತಿಯ ರವಿಕೆಗಳೆಲ್ಲ ಅಕ್ಕನ ಕೈಯವು; ಅಳತೆಯ ಪುಸ್ತಕದಲ್ಲಿ ಅವರಿಗೆ ಬೇರೆಯೇ ಒಂದು ಹಾಳೆ ಇತ್ತು. ಪರಿಚಯ ಇದ್ದಲ್ಲಿ ಚೆನ್ನಾಗಿ ನೋಡುತ್ತಾರೆ ಎಂದು ನಮ್ಮ ನಂಬಿಕೆ. ಡಾಕ್ಟರು ನಗುತ್ತಲೇ ಬಂದರು. ಸಂಜೆಯೊಳಗೆ ತೊಡೆಯಿಂದ ಪಾದದವರೆಗೆ ಸುತ್ತ ಪ್ಲಾಸ್ಟರ್ ಹಾಕಿದರು. ಆಗಷ್ಟೇ ಬಾತುಕೊಳ್ಳುತ್ತಿದ್ದ ಕಾಲಿಗೆ ಹಾಗೆ ಬಿಗಿಯಾಗಿ ಸುತ್ತಬಾರದು, ಸುತ್ತಿದರೂ ಉದ್ದಕ್ಕೆ ಸೀಳಿ ಸಡಿಲ ಬಿಡಬೇಕು ಎಂಬುದನ್ನು ನಾನು ಆಮೇಲೆ ಕಲಿತೆ. ಅಕ್ಕ ರಾತ್ರಿಯಿಡೀ ನರಳಿದಳು. ನೋವು ಇರುವುದೇ ಎಂದು ಇಂಜೆಕ್ಷನ್ ಕೊಟ್ಟರು. ಬೆಳಿಗ್ಗೆ ಅವಳು ಸುಮ್ಮನಾದಳು. ನನಗೆ ಸಮಾಧಾನವಾಯಿತು. ಆ ಸಮಾಧಾನವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ನರ್ಸ್ ಬಂದದ್ದು ಆ ಬೆಳಿಗ್ಗೆ. ಅಕ್ಕ ‘ಎಂತ ಇಲ್ಲ’ ಎಂದದ್ದು ಆಗ.

ಮಧ್ಯಾಹ್ನ ಬೆರಳುಗಳು ನೇರಳೆ ಬಣ್ಣಕ್ಕೆ ತಿರುಗಿದ್ದವು. ಪ್ಲಾಸ್ಟರ್ ಬಿಡಿಸಿ, ಅವಸರದಲ್ಲಿ ಮಂಗಳೂರಿಗೆ ಕಳಿಸಿದರು. ಆಂಬುಲೆನ್ಸ್ ಹೊರಡುವ ಮೊದಲು ಡಾಕ್ಟರು ನನ್ನ ಭುಜದ ಮೇಲೆ ಕೈಯಿಟ್ಟು ಮೆಲ್ಲಗೆ, “ನಿನ್ನೆಯೇ ಬಿಡಿಸ್ಬೇಕಿತ್ತು ಮಾರಾಯಾ. ನಾನು ನೋಡ್ಬೇಕಿತ್ತು” ಎಂದರು. ಮಂಗಳೂರಿನಲ್ಲಿ ಮೊಣಕಾಲಿನ ಕೆಳಗಿನ ಭಾಗವನ್ನು ತೆಗೆದರು.

ಅಕ್ಕ ಅತ್ತದ್ದು ನಾನು ನೋಡಿಲ್ಲ. ಹೊಲಿಗೆ ಮೆಷಿನನ್ನು ಎಡಗಾಲಲ್ಲಿ ತುಳಿಯಲು ಕಲಿತಳು. ಅವಳಿಗೆ ಬೇಕಾಗಿದ್ದದ್ದು ಒಂದೇ. ಪಿಕಪ್ಪಿನವನು ಹೇಳಿದ ಹಾಗೆ ಡಾಕ್ಟರೂ ಒಮ್ಮೆ ಎದುರು ನಿಂತು ಹೇಳಬೇಕು. “ಮುರಿದದ್ದು ಅವನು, ಒಪ್ಪಿಕೊಂಡ. ಕಳೆದದ್ದು ಇವ್ರು. ನಿನ್ನ ಹತ್ರ ಹೇಳಿದ್ದನ್ನು ನನ್ನ ಹತ್ರ ಹೇಳ್ಲಿ, ಸಾಕು.” ನಾನು ಎರಡು ಸಲ ಕೇಳಲು ಹೋದೆ. ಎರಡನೆಯ ಸಲ ಡಾಕ್ಟರು ಒಳಗಿದ್ದೂ ಇಲ್ಲ ಎನ್ನಿಸಿದರು. ಅವರ ಚಪ್ಪಲಿ ಹೊರಗಿತ್ತು. ಅವರ ಹೆಂಡತಿ ಮತ್ತೆ ಹೊಲಿಸಲು ಬರಲಿಲ್ಲ.

ಆಮೇಲೆ ಕೋರ್ಟು. ಪಿಕಪ್ಪಿನ ಇನ್ಶೂರೆನ್ಸ್ ಕಂಪೆನಿಯ ಮೇಲೆ ಪುತ್ತೂರಿನಲ್ಲಿ ಪರಿಹಾರದ ಅರ್ಜಿ ಹಾಕಿದೆವು. ನಮ್ಮ ವಕೀಲರು ಆಸ್ಪತ್ರೆಯ ಸುದ್ದಿಯನ್ನೇ ಎತ್ತಬಾರದು ಎಂದರು. ದಾರಿಯಲ್ಲಿ ದೂಡಿದವನೇ ಬಿದ್ದ ಮೇಲಿನ ಎಲ್ಲದಕ್ಕೂ ಹೊಣೆ. ಆದರೆ ಎತ್ತಲು ಬಂದವನು ಕಾಲಿನ ಮೇಲೆ ಮೆಟ್ಟಿದ ಎಂದು ನಾವೇ ಹೇಳಿದರೆ ದೂಡಿದವನು ಜಾರಿಕೊಳ್ಳುತ್ತಾನೆ, ಎಂದು ವಿವರಿಸಿದರು. ಆಸ್ಪತ್ರೆಯ ಮೇಲೆ ಬೇಕಾದರೆ ಆಮೇಲೆ ಮಂಗಳೂರಿನ ಗ್ರಾಹಕರ ಆಯೋಗಕ್ಕೆ ಹೋಗಬಹುದು. “ಇಲ್ಲಿ ಆಸ್ಪತ್ರೆ ಒಳ್ಳೇದು, ಅಲ್ಲಿ ಆಸ್ಪತ್ರೆ ಕೆಟ್ಟದ್ದು. ಅಷ್ಟು ನೆನಪಿಟ್ಟುಕೊಳ್ಳಿ ಮಾರಾಯ್ರೆ.” ನಾನು ನಕ್ಕೆ. ಅಕ್ಕ ನಗಲಿಲ್ಲ. ಒಂದೇ ಕಾಲನ್ನು ಎರಡು ಕೋರ್ಟಿಗೆ ಎರಡು ಅಳತೆಯಲ್ಲಿ ಕತ್ತರಿಸಲಿಕ್ಕೆ ಆಗುತ್ತದಾ ಎಂದು ಕೇಳಿದಳು. ಆಗುತ್ತದೆ ಎಂದು ವಕೀಲರು ಹೇಳಿದರು. ಅಫಿಡವಿಟ್ಟನ್ನು ಟೈಪ್ ಮಾಡಿದವನು ನಾನೇ, ನನ್ನದೇ ಅಂಗಡಿಯಲ್ಲಿ.

ಡಾಕ್ಟರು ನಮ್ಮ ಪರವಾಗಿಯೇ ಸಾಕ್ಷಿ ಹೇಳಲು ಬಂದರು. ಅಪಘಾತದ ಪೆಟ್ಟಿನಿಂದಲೇ ರಕ್ತನಾಳ ಹಾಳಾಗಿತ್ತು, ಚಿಕಿತ್ಸೆಯಲ್ಲಿ ಲೋಪವಿರಲಿಲ್ಲ, ಬೆಳಗಿನ ತಪಾಸಣೆಯಲ್ಲಿ ರೋಗಿ ಯಾವ ದೂರೂ ಹೇಳಿಲ್ಲ ಎಂದರು. ನಮ್ಮ ವಕೀಲರು ಸಂತೋಷದಿಂದ ನನ್ನ ಕಡೆ ನೋಡಿದರು. ಆ ಸುಳ್ಳು ನಮಗೇ ಬೇಕಾದದ್ದಾಗಿತ್ತು. ಅಕ್ಕ ಹಿಂದಿನ ಬೆಂಚಿನಲ್ಲಿ ಊರುಗೋಲನ್ನು ಎದೆಗೆ ಒರಗಿಸಿಕೊಂಡು ಕೂತಿದ್ದಳು. ಡಾಕ್ಟರು ಅವಳ ಮುಂದೆಯೇ ಹಾದು ಹೋದರು. ಅವಳು ಎದ್ದು ನಿಲ್ಲಲು ನೋಡಿದಳು, ಹಳೆಯ ಅಭ್ಯಾಸ. ಅವರು ನೋಡಲಿಲ್ಲ. ಅಥವಾ ನೋಡಿದರು. ನಾನು ಆಗ ನೆಲ ನೋಡುತ್ತಿದ್ದೆ.

ನನ್ನ ಪಾಟೀ ಸವಾಲಿನ ದಿನ ಕಂಪೆನಿಯ ವಕೀಲರು ಸಿಟ್ಟಿನಿಂದ ಬರುತ್ತಾರೆ ಎಂದುಕೊಂಡಿದ್ದೆ. ಅವರು ಬಹಳ ಮೃದುವಾಗಿ ಮಾತಾಡಿದರು. ಪ್ಲಾಸ್ಟರ್ ಬಿಗಿಯಾಗಿತ್ತು ಅಲ್ಲವೇ, ರಾತ್ರಿ ಅಕ್ಕ ನರಳಿದರೂ ಯಾರೂ ಬಿಡಿಸಿ ನೋಡಲಿಲ್ಲ ಅಲ್ಲವೇ, ಆಸ್ಪತ್ರೆಯವರು ಎಚ್ಚರದಿಂದ ಇದ್ದಿದ್ದರೆ ಕಾಲು ಉಳಿಯುತ್ತಿತ್ತು ಅಲ್ಲವೇ? ನನ್ನ ಹತ್ತಿರ ನಿಜವನ್ನು ಕೇಳಿದ ಮೊದಲ ಮನುಷ್ಯ ಅವರು. ಎಲ್ಲದಕ್ಕೂ ನಾನು ‘ಗೊತ್ತಿಲ್ಲ’ ಎಂದೆ, ‘ಅಲ್ಲ’ ಎಂದೆ. ಕೊನೆಗೆ ಅವರು ಕನ್ನಡಕ ತೆಗೆದು ಕೇಳಿದರು.

“ಹಾಗಾದ್ರೆ ಆಸ್ಪತ್ರೆಯವರ ಮೇಲೆ ನಿಮ್ಮ ದೂರು ಎಂತದೂ ಇಲ್ಲ?”

“ಎಂತ ಇಲ್ಲ.”

ಬಾಯಿ ತಾನಾಗಿಯೇ ಹೇಳಿತು. ನ್ಯಾಯಾಲಯದ ಭಾಷೆಯಲ್ಲಿ ಅದು ಹೀಗಾಯಿತು: ‘ಆಸ್ಪತ್ರೆಯ ಚಿಕಿತ್ಸೆಯ ಬಗ್ಗೆ ನನ್ನ ದೂರು ಏನೂ ಇಲ್ಲ ಎಂದರೆ ಸರಿ.’ ಓದಿ ಹೇಳಿದರು, ನಾನು ಸಹಿ ಹಾಕಿದೆ.

ಪುತ್ತೂರಿನಲ್ಲಿ ಗೆದ್ದೆವು. ಅಪಘಾತವೇ ಮೂಲ ಕಾರಣ ಎಂದಾಯಿತು. ಕೃತಕ ಕಾಲು ಬಂತು, ಹೊಲಿಗೆ ಮೆಷಿನಿಗೆ ಮೋಟಾರು ಬಂತು. ಅಕ್ಕ ಮಾತ್ರ, “ಇನ್ನು ಮಂಗಳೂರಾ?” ಎಂದು ಕೇಳಿದಳು, ನಿಜವಾದ ಕೇಸು ಇನ್ನು ಶುರು ಎಂಬಂತೆ.

ಮಂಗಳೂರಿನಲ್ಲಿ ಬೇರೆ ವಕೀಲರು. ನಾನು ಪುತ್ತೂರಿನ ಹೇಳಿಕೆಯ ಪ್ರತಿಯನ್ನು ಅವರ ಮುಂದೆ ಇಟ್ಟೆ. ಅವರು ಅದನ್ನು ಎರಡು ಸಲ ಓದಿದರು. ಆಮೇಲೆ, ಇದ್ದದ್ದು ಇದ್ದ ಹಾಗೆ ಹೇಳಬಹುದಿತ್ತು ಎಂದರು. ಮುರಿದ ಕಾಲಿಗೆ ಚಿಕಿತ್ಸೆ ಬೇಕಾದದ್ದು ಪಿಕಪ್ಪಿನಿಂದಲೇ; ಆ ಚಿಕಿತ್ಸೆಯಲ್ಲಿ ತಪ್ಪಾದರೂ ಮೊದಲು ಗುದ್ದಿದವನ ಹೊಣೆ ಸುಲಭದಲ್ಲಿ ಹೋಗುವುದಿಲ್ಲ. ಎರಡೂ ಕಡೆ ಒಂದೇ ಮಾತು ಹೇಳಿದ್ದರೂ ನಡೆಯುತ್ತಿತ್ತು. ಅಂದರೆ ನಾನು ಹೇಳಿದ ಸುಳ್ಳು ಬೇಕಾಗಿಯೇ ಇರಲಿಲ್ಲ. ನಮ್ಮ ಮೊದಲಿನ ವಕೀಲರಿಗೆ ಇದು ಗೊತ್ತಿರಲಿಲ್ಲವೋ, ಅಥವಾ ಒಂದು ಕೇಸು ಸಲೀಸಾಗಿ ಮುಗಿದರೆ ಸಾಕಾಗಿತ್ತೋ? ಫೋನ್ ಮಾಡಿ ಕೇಳಿದೆ. ಗೆದ್ದಾಯಿತಲ್ಲ ಎಂದರು.

ನಮ್ಮ ಕೈಯಲ್ಲಿ ಉಳಿದದ್ದು ಆ ಬೆಳಗಿನ ಪ್ರಶ್ನೆ. ನರ್ಸ್ ಬೆರಳು ಮುಟ್ಟಿ ಕೇಳಿದ್ದಳು, ಅಕ್ಕ ಏನೂ ಗೊತ್ತಾಗುವುದಿಲ್ಲ ಎಂಬ ಅರ್ಥದಲ್ಲಿ ‘ಎಂತ ಇಲ್ಲ’ ಎಂದಿದ್ದಳು ಎಂದಾದರೆ ಕೇಸ್ ಶೀಟಿನ ಎರಡು ಪದಗಳೇ ಆಸ್ಪತ್ರೆಯ ತಪ್ಪಿಗೆ ಸಾಕ್ಷಿ. ನರ್ಸಿನ ಮನೆ ಕಡಬದಲ್ಲಿ. ಹುಡುಕಿಕೊಂಡು ಹೋದೆ. ಅವಳು ಗಲ್ಫಿಗೆ ಹೋಗಿದ್ದಳು. ಅವಳ ತಂದೆ ರಬ್ಬರ್ ಹಾಲಿನ ಬಕೆಟ್ ಕೆಳಗಿಟ್ಟು, ಕೈ ಒರೆಸಿಕೊಂಡು, ಅವಳಿಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟರು.

“ನನಗೆ ನೆನಪಿಲ್ಲ ಅಣ್ಣಾ” ಎಂದಳು ಅವಳು. “ಆದ್ರೆ ನಮ್ಮೂರಲ್ಲಿ ಎಲ್ರೂ ಹಾಗೇ ಹೇಳುದಲ್ವಾ? ತಲೆ ಒಡೆದು ಬಂದವ್ರೂ ಎಂತ ಇಲ್ಲ ಅಂತಾರೆ. ನಾನೂ ಹಾಗೇ ಬರೆಯುದು.”

ವಾಪಸು ಬಂದು ಅಫಿಡವಿಟ್ ಟೈಪ್ ಮಾಡಿದೆ. ‘ದಾದಿಯು ಬೆರಳನ್ನು ಸ್ಪರ್ಶಿಸಿ ಪ್ರಶ್ನಿಸಿದ್ದನ್ನು ನಾನು ಕಣ್ಣಾರೆ ಕಂಡಿರುತ್ತೇನೆ.’ ಟೈಪ್ ಮಾಡುವಾಗ ಆ ದೃಶ್ಯ ನನ್ನ ಕಣ್ಣ ಮುಂದೆ ಇತ್ತು: ಹೊದಿಕೆಯ ನೀಲಿ ಅಂಚು, ನರ್ಸಿನ ಗಡಿಯಾರ. ಟೈಪ್ ಮಾಡುವ ಮೊದಲು ಇತ್ತೇ ಎಂದು ಈಗ ಕೇಳಿದರೆ ಹೇಳಲಾರೆ. ಆಮೇಲೆ ಅದನ್ನು ಬೇರೆ ಬೇರೆ ರೀತಿಯಲ್ಲಿ ಬರೆದು ನೋಡಿದ್ದೇನೆ. ಪ್ರತಿ ಸಲವೂ ಅಂಚು ನೀಲಿಯಾಗಿಯೇ ಬರುತ್ತದೆ, ಪ್ರಶ್ನೆ ಮಾತ್ರ ಒಂದೇ ಆಗಿ ನಿಲ್ಲುವುದಿಲ್ಲ.

ಆಸ್ಪತ್ರೆಯ ವಕೀಲರು ಹೆಚ್ಚು ಮಾತಾಡಲಿಲ್ಲ. ಪುತ್ತೂರಿನ ನನ್ನ ಹೇಳಿಕೆಯನ್ನು ಹಾಜರುಪಡಿಸಿದರು. ಆಯೋಗದ ಆದೇಶದಲ್ಲಿ ನನ್ನ ಬಗ್ಗೆ ಒಂದು ವಾಕ್ಯ ಇದೆ: ದೂರುದಾರಳ ಸಹೋದರನು ಅನುಕೂಲಕ್ಕೆ ತಕ್ಕಂತೆ ನೆನಪಿಸಿಕೊಂಡಿದ್ದಾನೆ. ಕೇಸು ವಜಾ.

ಅದನ್ನು ಅಕ್ಕನಿಗೆ ಓದಿ ಹೇಳಿದ್ದು ಅವಳ ಅಂಗಡಿಯಲ್ಲೇ. ಅವಳು ಮೋಟಾರು ನಿಲ್ಲಿಸಿದಳು. ಅದರಲ್ಲಿ ಕಾಲು ಹೋದದ್ದು ಯಾರದ್ದು ಅಂತ ಬರೆದಿದ್ದಾರಾ ಎಂದು ಕೇಳಿದಳು. ಮೇಲ್ಮನವಿ ಹಾಕಬಹುದು ಎಂದೆ. ಬೇಡ ಎಂದಳು. ನಾನು ಬಿಡಲಿಲ್ಲ. ಡಾಕ್ಟರು ಮೋಸ ಮಾಡಿದರು, ವಕೀಲರು ಮೋಸ ಮಾಡಿದರು, ಆದರೆ ನರ್ಸ್ ಬೆರಳು ಮುಟ್ಟಿದ್ದನ್ನು ನಾನು ನೋಡಿದ್ದೇನೆ, ಅದನ್ನು ಯಾರೂ ಅಳಿಸಲಾರರು ಎಂದೆ.

ಅಕ್ಕ ಬಾಯಲ್ಲಿದ್ದ ಸೂಜಿಯನ್ನು ತೆಗೆದು ಬಟ್ಟೆಗೆ ಚುಚ್ಚಿದಳು.

“ನೀನು ಅಲ್ಲಿ ಎಲ್ಲಿ ಇದ್ದದ್ದು? ಚಾ ತರ್ಲಿಕ್ಕೆ ಹೋಗಿದ್ದಿ ಅಲ್ವಾ. ಬಂದ ಮೇಲೆ ನಾನೇ ಹೇಳಿದ್ದು, ನರ್ಸ್ ಬಂದಿದ್ಳು, ಎಂತ ಇಲ್ಲ ಅಂದೆ ಅಂತ.”

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನೀನು ಅಷ್ಟು ಗಟ್ಟಿಯಾಗಿ ಹೇಳುತ್ತಿದ್ದೆ, ನನಗೇ ತಪ್ಪಿರಬೇಕು ಅಂದುಕೊಂಡೆ, ಎಂದಳು. ನರ್ಸ್ ಕೇಳಿದ್ದು ಏನು ಎಂದು ಕೇಳಿದೆ. ಇಂಜೆಕ್ಷನಿನ ಅಮಲಲ್ಲಿ ಅವಳಿಗೂ ಅದು ನೆನಪಿಲ್ಲ. ಪ್ರಶ್ನೆ ಕಿವಿಗೆ ಬಿದ್ದ ಹಾಗೆಯೇ ಇಲ್ಲವಂತೆ, ಉತ್ತರ ಮಾತ್ರ ಬಾಯಿಂದ ಬಂತಂತೆ. ಆಮೇಲೆ ಮೋಟಾರು ಮತ್ತೆ ಶುರುವಾಯಿತು.

ಆಸ್ಪತ್ರೆಯ ಎದುರಿನ ಚಾ ಅಂಗಡಿ ನನಗೆ ನೆನಪಿದೆ. ಅಲ್ಲಿಗೆ ಹೋದದ್ದು ಆ ಬೆಳಿಗ್ಗೆಯೋ, ಹಿಂದಿನ ಸಂಜೆಯೋ ಗೊತ್ತಿಲ್ಲ. ನರ್ಸ್ ಬೆರಳು ಮುಟ್ಟಿದಳೋ ಇಲ್ಲವೋ ಗೊತ್ತಿಲ್ಲ. ಅವಳು ಬಂದಾಗ ನಾನು ಆ ಕೋಣೆಯಲ್ಲಿದ್ದೆನೇ ಎಂಬುದೂ ನನಗೆ ಗೊತ್ತಿಲ್ಲ.