ಯರಗುಪ್ಪಿಯ ಮೋಟರ್

ತೀರಿಕೊಂಡ ನನ್ನ ಗಂಡನ ದಿವಸದ ಕಾರ್ಯ ಮುಗಿಸಿ ಕುಂದಗೋಳದ ಆಫೀಸಿಗೆ ಮರಳಿದಾಗ ಅವರ ಕುರ್ಚಿ ಇದ್ದಲ್ಲೇ ಇತ್ತು. ಹಳ್ಳಿಗಳ ಶುದ್ಧ ನೀರಿನ ಘಟಕಗಳನ್ನು ನೋಡಿಕೊಳ್ಳುವ ಸಣ್ಣ ಸಂಸ್ಥೆ ನಮ್ಮದು. ದುರಸ್ತಿಯ ಕೆಲಸಗಳನ್ನು ಕಂಪ್ಯೂಟರಿನಲ್ಲಿ ಮೆಕ್ಯಾನಿಕ್‌ಗಳಿಗೆ ಹಂಚುವುದು ಅವರ ಪಾಲಿನದು, ಪತ್ರ ಬರೆಯುವುದು, ಹಾಜರಿ ನೋಡುವುದು ನನ್ನದು. ಈಗ ಎರಡೂ ನನಗೇ ಬಂದಿದ್ದವು.

"ಆದಷ್ಟು ಮಾಡ್ರಿ, ಅವಸರಿಲ್ಲ," ಎಂದರು ಸಾಹೇಬರು.

ಮನೆಯಲ್ಲಿ ಕೂರುವುದಕ್ಕಿಂತ ಇಲ್ಲಿ ಸುಲಭ ಅಂದುಕೊಂಡಿದ್ದೆ. ಹಾಗೇನೂ ಇರಲಿಲ್ಲ.

ಬಂದ್ ಆಗಿದ್ದ ಅವರ ಫೋನನ್ನು ಅಂದೇ ಚಾಲೂ ಮಾಡಿದ್ದೆ. ಮಧ್ಯಾಹ್ನ ಅದು ರಿಂಗಾಯಿತು. ಯರಗುಪ್ಪಿಯ ಘಟಕವನ್ನು ನೋಡಿಕೊಳ್ಳುವ ಹೆಂಗಸು.

"ಏನ್ರಿ ಅಣ್ಣಾರ, ಫೋನ್ ಬಂದ್ ಇಟ್ಟು ಎಲ್ಲಿ ಅಡಗಿದ್ರಿ? ಮಿಷನ್ ಕೆಟ್ಟು ಕುಂತೈತಿ. ಕೆರಿ ನೀರು ಕುಡದು ಹುಡುಗ್ರಿಗೆ ಹೊಟ್ಟಿ ಕೆಟ್ಟೈತಿ!"

ನಾನು ಯಾರೆಂದು ಹೇಳಿದೆ. ಅವರಿಗೆ ಏನಾಯಿತೆಂದೂ ಹೇಳಿದೆ.

"ಗೊತ್ತಿರ್ಲಿಲ್ರಿ ಬಾಯಾರ. ಬಾಯಿಗೆ ಬಂದಂಗ ಅಂದೆ," ಎಂದು ಅತ್ತಳು. ಆಮೇಲೆ ಮೆಲ್ಲಗೆ, "ಆದ್ರ ನೀರು?" ಎಂದಳು.

ಎಲ್ಲರಿಗೂ ಕಾಣುವ ಪಟ್ಟಿಯಲ್ಲಿ ಆ ಕೆಲಸ ನಮ್ಮ ಹಳೆಯ ಮೆಕ್ಯಾನಿಕ್ ಹೆಸರಿನಲ್ಲಿತ್ತು. ನನ್ನ ಗಂಡನನ್ನು ಅಣ್ಣ, ನನ್ನನ್ನು ವೈನಿ ಅನ್ನುವವನು. ಅವನನ್ನು ಕರೆದೆ.

"ಅದು ನಂದಲ್ಲ ವೈನಿ. ಮೋಟರ್ ಸುಟ್ಟೈತಿ, ಹುಬ್ಬಳ್ಳಿಯಿಂದ ತರಿಸಬೇಕು. ಅದಕ್ಕ ಅಣ್ಣಗ ವಾಪಸ್ ಕಳಿಸಿದ್ನಿ. ಅವಾಗ ದವಾಖಾನ್ಯಾಗಿದ್ದ."

"ಮತ್ತ ಇಲ್ಲಿ ನಿನ್ನ ಹೆಸರು ಐತೆಲ್ಲ?"

"ಅಣ್ಣ ಮೇಲ್ ತಗದು ಆ ಕೆಲಸ ತನ್ನ ಕಡಿ ತಗೊಳ್ಳೂತನಾ ಪಟ್ಟಿಯಾಗಿಂದ ನನ್ನ ಹೆಸರು ಹೋಗಂಗಿಲ್ಲ."

"ಸಾಹೇಬ್ರಿಗರೆ ಹೇಳಬೇಕಿಲ್ಲೋ?"

ಅವನು ನೆಲ ನೋಡಿದ. "ಹ್ವಾದವರ ಕೈಯಾಗಿನ ಕೆಲಸ ದಿವಸ ಆಗೂತನಾ ಮುಟ್ಟೂದು ಬ್ಯಾಡ ಅಂತ ಎಲ್ಲಾರೂ ಅಂದ್ರು. ಸಾಹೇಬ್ರೂ ಹೂಂ ಅಂದ್ರು."

ಸಿಟ್ಟು ಮಾಡುವಷ್ಟು ಶಕ್ತಿ ನನ್ನಲ್ಲಿರಲಿಲ್ಲ. ಆಫೀಸಿನವರು ಹೋದವರ ಮರ್ಯಾದೆಗೆಂದೇ ಹಾಗೆ ಮಾಡಿದ್ದರು. ನಮ್ಮ ಮನೆಯಲ್ಲೂ ನನ್ನ ಗಂಡನ ಅಂಗಿಗಳನ್ನು ದಿವಸದ ತನಕ ಯಾರೂ ಮುಟ್ಟಿರಲಿಲ್ಲ. ಆದರೆ ಗೂಟದ ಮೇಲಿನ ಅಂಗಿಗಾಗಿ ಯಾರೂ ಕೊಡ ಹಿಡಿದು ಕಾಯುವುದಿಲ್ಲ.

ಸಾಹೇಬರನ್ನು ಕೇಳಿ ನನ್ನ ಗಂಡನ ಮೇಲ್ ತೆರೆದೆ. ಮರಳಿ ಬಂದ ಕೆಲಸಗಳು ಒಂದರ ಮೇಲೊಂದು ಬಿದ್ದಿದ್ದವು. ಯಾವುದನ್ನೂ ಯಾರೂ ಓದಿರಲಿಲ್ಲ. ಕ್ಯಾಲೆಂಡರು ಇನ್ನೂ ಅವರಿಗೇ ನೆನಪು ಮಾಡುತ್ತಿತ್ತು: ಇಂದು ಗುಡಗೇರಿಗೆ ಹೋಗಬೇಕು, ಬೆಳಿಗ್ಗೆಯೇ ಹೊರಡಬೇಕು.

ಯರಗುಪ್ಪಿಯದನ್ನು ಹುಡುಕಿದೆ. ಬೇರೆಯವರಿಗೆ ಕೊಡುವ ಮೊದಲು ಅದನ್ನು ಅವರ ಪಟ್ಟಿಗೇ ವಾಪಸ್ ತೆಗೆದುಕೊಳ್ಳಬೇಕಿತ್ತು. ಒತ್ತಿದೆ. ಮೆಕ್ಯಾನಿಕ್ ಹೆಸರು ಹೋಗಿ ಅಲ್ಲಿ ನನ್ನ ಗಂಡನ ಹೆಸರು ಬಂತು. ಮುಂದೆ ಒತ್ತಲು ಕೈ ಬರಲಿಲ್ಲ. ಇನ್ನೂ ಕೆಲಸದ ಮೇಲಿರುವವರ ಹಾಗೆ ಕಾಣುತ್ತಿದ್ದರು. ಇವತ್ತೊಂದು ದಿನ ಹಾಗೇ ಇರಲಿ ಅನ್ನಿಸಿತು.

ಮೆಕ್ಯಾನಿಕ್ ಬಾಗಿಲಲ್ಲಿ ನಿಂತೇ ಇದ್ದ. "ವೈನಿ, ಅಂಗಡಿ ಮುಚ್ಚೂದ್ರಾಗ ಮೋಟರ್‌ಗೆ ಹೇಳ್ಲೇನ್ರಿ?"

"ಹೇಳು," ಎಂದೆ. ಆ ಹೆಸರನ್ನು ತೆಗೆದು ನನ್ನದನ್ನು ಹಾಕಿದೆ.

ಮೋಟರ್ ಕೂಡಿಸಿದ ದಿನ ಯರಗುಪ್ಪಿಯ ಹೆಂಗಸು ಮತ್ತೆ ಫೋನ್ ಮಾಡಿದಳು.

"ನೀರು ಬಂತ್ರಿ ಬಾಯಾರ. ಅಗದಿ ಚಲೋ ಬರಾಕತ್ತೈತಿ." ಆಮೇಲೆ ಕೇಳಿದಳು: "ನನ್ನ ಫೋನಿನ್ಯಾಗ ಈ ನಂಬರ್ ಅಣ್ಣಾರ ಅಂತ ಐತ್ರಿ. ಹಂಗ ಇಡ್ಲೋ, ನಿಮ್ಮ ಹೆಸರು ಹಾಕ್ಲೋ?"

ಬದಲಿಸುವುದು ಬೇಡ ಎನ್ನಲು ಬಾಯಿ ತೆರೆದಿದ್ದೆ. ಆಕೆಯ ಹಿಂದೆ ಕೊಡಕ್ಕೆ ನೀರು ಬೀಳುವ ಸಪ್ಪಳವಿತ್ತು, ಪಾಳಿಗಾಗಿ ಜಗಳಾಡುವ ಹೆಂಗಸರ ದನಿಯಿತ್ತು.

"ನಂದಽ ಹಾಕ್ರಿ," ಎಂದೆ.