ಓಣಿಗೆ ಹೋಳಿಗೆ ಬಡಿಸಿದ ಶಂಕ್ರಮ್ಮ

ಕ್ಷಮಿಸುವುದು ದೊಡ್ಡ ಗುಣ ಎಂದು ನನ್ನ ಮುಂದೆ ಯಾರೂ ಹೇಳಬೇಡಿ. ಅಷ್ಟು ದೊಡ್ಡತನವಿದ್ದವರು ತಲೆಯ ಮೇಲೆ ಮಣ್ಣಿನ ಮಾಳಿಗೆಯಿಲ್ಲದ ಮನೆಯಲ್ಲಿ ಒಂದು ಮಳೆಗಾಲ ಕಳೆದು ನೋಡಲಿ. ನಮ್ಮ ಸೋದರತ್ತೆ ಶಂಕ್ರಮ್ಮ ಕ್ಷಮಿಸಲಿಲ್ಲ. ನನಗೆ ಅವಳ ಮೇಲೆ ಹೆಮ್ಮೆಯಿದೆ.

ನಿಜಾಮನ ಪರ ಲೂಟಿಗಿಳಿದ ರಜಾಕಾರರ ಗದ್ದಲದಲ್ಲಿ ಅತ್ತೆ ಮತ್ತು ಮಾವ ಬಾಲಪ್ಪ ಕುರಿ ಹೊಡೆದುಕೊಂಡು ಸುರಪುರ ಬಿಟ್ಟು ಕೃಷ್ಣೆಯ ಆಚೆ ದಂಡೆಗೆ ಹೋದರು. ಅಲ್ಲೇ ಮಾವ ವಾಂತಿಭೇದಿಯಿಂದ ತೀರಿಹೋದ. ನಿಜಾಮನ ಆಳ್ವಿಕೆ ಮುಗಿದ ಮೇಲೆ ಅತ್ತೆ ಒಬ್ಬಳೇ ತಿರುಗಿ ಬಂದಳು. ಬಂದು ನೋಡಿದರೆ ಮನೆಗೆ ಮಾಳಿಗೆಯೇ ಇಲ್ಲ! ಮಾವ ಕುರಿ ಮಾರಿ ಯಾದಗಿರಿಯಿಂದ ಬಂಡಿಯಲ್ಲಿ ತಂದಿದ್ದ ಸಾಗವಾನಿ ತೊಲೆ ಪಕ್ಕದ ಭಾಗಣ್ಣನ ನಡುಮನೆಯ ಮಾಳಿಗೆಯನ್ನು ಹೊತ್ತು ನಿಂತಿತ್ತು. ಬೀಸುಕಲ್ಲು ಸಾಯಬಮ್ಮನ ಮನೆಯಲ್ಲಿ, ನಿಚ್ಚಣಿಕೆ, ಹಾರೆ ಗುರಪ್ಪನ ಮನೆಯಲ್ಲಿ. ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಮಾತು.

"ರಜಾಕಾರರು ಒಯ್ದಾರ, ಬಿಡವ್ವಾ."

ಅತ್ತೆ ಜಗಳ ತೆಗೆಯಲಿಲ್ಲ. ಜೋಳದ ದಂಟಿನ ಕಣಿಕೆ ಹೊದಿಸಿದ ಒಂದು ಮೂಲೆಯಲ್ಲಿ ವರ್ಷಗಟ್ಟಲೆ ಬಾಳಿದಳು. ಆ ತೊಲೆ ಮರಳಿ ತನ್ನ ತಲೆಯ ಮೇಲೆ ಬರದಿದ್ದರೆ ಸತ್ತರೂ ಜೀವಕ್ಕೆ ಸಮಾಧಾನವಿಲ್ಲ ಎಂದು ನಮ್ಮವ್ವನ ಮುಂದೆ ಮಾತ್ರ ಹೇಳಿದ್ದಳಂತೆ.

ಒಂದು ಬೇಸಿಗೆ, ಹಳೆ ಮನೆಗೆ ಹೊಸ ಕೋಣೆ ಸೇರಿಸಿ ಕಟ್ಟಿಸಲು ನಿಂತಳು. ಅದೇನು ನಯ, ಅದೇನು ವಿನಯ! ಧೂಳೆದ್ದರೆ ಮನೆಮನೆಗೆ ಹೋಗಿ ಕೈಮುಗಿಯುವಳು, ಮಜ್ಜಿಗೆ ಕಳಿಸುವಳು. ನಮ್ಮ ಕಡೆ ಮನೆ ಕಟ್ಟುವವರಿಗೆ ಓಣಿಯವರು ಸಾಮಾನು ಎರವಲು ಕೊಡಲೇಬೇಕು. ಇಲ್ಲವೆಂದರೆ ಮರ್ಯಾದೆ ಹೋಗುತ್ತದೆ. ಅತ್ತೆ ಅದನ್ನೇ ಹಿಡಿದಳು.

"ಸಾಯಬಮ್ಮಾ, ಗ್ವಾಡಿ ಕಟ್ಟೋ ಗೌಂಡೇರಿಗೆ ರೊಟ್ಟಿ ಮಾಡಬೇಕು, ನಿನ್ನ ಬೀಸುಕಲ್ಲು ಕೊಡಬೇ."

"ಗುರಪ್ಪಣ್ಣಾ, ನಿನ್ನ ಹಾರಿ, ನಿಚ್ಚಣಿಕಿ ಬೇಕಾಗಿತ್ತಲ್ಲೋ."

ತನ್ನ ವಸ್ತುವನ್ನೇ ನಿನ್ನದು ಎಂದು ಕೇಳುವಾಗಲೂ ಮುಖದಲ್ಲಿ ನಗೆ. ಆ ಮಂಗ್ಯಾಗಳು ತಾವೇ ಹೊತ್ತು ತಂದು ಕೊಟ್ಟರು.

ಗೋಡೆ ಎದ್ದ ದಿನ ಓಣಿಗೆಲ್ಲ ಹೋಳಿಗೆ ಊಟ. ಎಲ್ಲರೂ ಕೂತ ಮೇಲೆ ಅತ್ತೆ ಎರವಲು ತಂದದ್ದನ್ನೆಲ್ಲ ನಡುವೆ ತಂದಿಟ್ಟಳು.

"ನನ್ನ ಕೆಲಸ ಮುಗೀತು. ತಿಂಥಣಿ ಮೌನಪ್ಪನ ಆಣಿ ಮಾಡಿ, ತಮ್ತಮ್ದು ಎತ್ಕೊಂಡು ಹೋಗ್ರಿ."

ಮೌನಪ್ಪ ದೇವರ ಮೇಲೆ ಸುಳ್ಳು ಆಣೆ ಮಾಡುವ ಗಂಡೆದೆ ನಮ್ಮೂರಲ್ಲಿ ಯಾರಿಗಿದೆ? ಒಬ್ಬರೂ ಕೈ ಚಾಚಲಿಲ್ಲ. ಭಾಗಣ್ಣ ಮಾತ್ರ, ತೊಲೆಯನ್ನು ಯಾರು ಎರವಲು ಕೇಳುತ್ತಾರೆಂಬ ಧೈರ್ಯದಲ್ಲಿ ಇನ್ನೊಂದು ಹೋಳಿಗೆ ಹಾಕಿಸಿಕೊಂಡ. ಗುರಪ್ಪನಿಗೆ ಉರಿದುಹೋಯಿತು. ತಾನು ಕಳ್ಳನೆನಿಸಿಕೊಂಡ ಮೇಲೆ ಇವನು ಸಾಹುಕಾರನಂತೆ ಉಣ್ಣುವುದೇ?

"ಭಾಗಣ್ಣಾ, ನೀನೂ ಆಣಿ ಮಾಡು. ನಿನ್ನ ಮನ್ಯಾಗಿನ ತೊಲಿ ಯಾರದು?"

"ನಂದ! ಆಣಿ ಯಾಕ ಮಾಡ್ಲಿ?"

"ಅಕಿನ ಸಾಮಾನ ನಾವು ಕೊಟ್ಟೇವಿ. ನೀಯೇನು ಮ್ಯಾಲಿಂದ ಇಳದು ಬಂದೀಯೇನು?"

ಗುರಪ್ಪ ಹಾರೆ ಎತ್ತಿಕೊಂಡ. ಅವನ ಹಿಂದೆ ಓಣಿಯೇ ಎದ್ದಿತು. ಇಷ್ಟು ವರ್ಷ ಕದ್ದ ಸಾಮಾನು ಬಳಸಿದವರೆಲ್ಲ ಅಂದು ನ್ಯಾಯವಂತರಾದರು! ಸಂಜೆಯೊಳಗೆ ಭಾಗಣ್ಣನ ಮಾಳಿಗೆ ಬಿಚ್ಚಿ ತೊಲೆ ಇಳಿಸಿದರು. ಅದನ್ನು ಅತ್ತೆಯ ಗೋಡೆಗೆ ಏರಿಸಿ, ಮರುದಿನ ಮಾಳಿಗೆಯ ಮಣ್ಣನ್ನೂ ತಾವೇ ಹೊತ್ತು ಹಾಕಿದರು. ಅತ್ತೆ ಅವರ ಊಟಕ್ಕೆ ತುಪ್ಪ ಬಡಿಸಿದಳು.

ಮೊದಲ ಮಳೆಗೆ ಭಾಗಣ್ಣನ ಹೆಂಡತಿ ರೇಣಮ್ಮ ಮಕ್ಕಳನ್ನು ಕಟ್ಟಿಕೊಂಡು ಬಂದಳು. ಅತ್ತೆ ಒಳಗೆ ಕರೆದು ಕಂಬಳಿ ಹಾಸಿದಳು. ಹಿಂದೆಯೇ ತೊಯ್ದು ತೊಪ್ಪೆಯಾದ ಭಾಗಣ್ಣ ಬಂದ. ಹೊಸ್ತಿಲಲ್ಲಿ ಅತ್ತೆ ಕೈ ಅಡ್ಡ ಹಿಡಿದಳು.

"ತೊಲಿ ಯಾರದು?"

"ನಿಂದ, ಯವ್ವಾ."

"ಯಾರು ಒಯ್ದಿದ್ರು?"

"ನಾನ."

"ಗಟ್ಟಿ ಹೇಳು. ಓಣಿ ಕೇಳ್ಲಿ."

ಮಳೆಯಲ್ಲಿ ನಿಂತು ಕೂಗಿದ. ಅತ್ತೆ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಬಾಗಿಲು ಮುಚ್ಚಿ ಅಗಳಿ ಹಾಕಿದಳು.